ಎಡಗಡೆಯ ಆಕ್ಸಲ್

ನನ್ನದು ಸಂಶಯದ ಜಾತಕ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಹೇಳಲು ಕೂತರೆ ಬೇಗ ಮುಗಿಯುವುದಿಲ್ಲ. ಹಾಲಿನವನು ಅಳೆದು ಹಾಕಿದ ಮೇಲೆ ನೊರೆ ಇಳಿಯುವ ತನಕ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ದರ್ಜಿ ಹೊಲಿದು ಕೊಟ್ಟ ಷರ್ಟಿನ ಜೊತೆ ಉಳಿದ ಚೂರುಗಳನ್ನೂ ಕೇಳಿ ತಂದು, ಮನೆಯಲ್ಲಿ ನೆಲದ ಮೇಲೆ ಹರಡಿ ಒಂದಕ್ಕೊಂದು ಕೂಡಿಸಿ ನೋಡುತ್ತಿದ್ದೆ. ಒಂದು ಸಲವೂ ಕಳ್ಳತನ ಸಿಕ್ಕಲಿಲ್ಲ. ಸಿಕ್ಕಲಿಲ್ಲ ಅಂದರೆ ದರ್ಜಿ ಒಳ್ಳೆಯವನು ಎಂದು ನನಗೆ ಅನ್ನಿಸುತ್ತಿರಲಿಲ್ಲ, ಬಹಳ ಜಾಣ ಅನ್ನಿಸುತ್ತಿತ್ತು.

ಕೆಲಸವೂ ಅದೇ ಸಿಕ್ಕಿತ್ತು ನೋಡಿ. ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ. ಸರಿಯಿದ್ದ ಮಾಲಿನ ಮೇಲೆ ಸಣ್ಣ ಮುದ್ರೆ ಕುಟ್ಟಬೇಕು, ಆ ಮುದ್ರೆಯಲ್ಲಿ ನನ್ನ ನಂಬರು. ಮುದ್ರೆ ಇದ್ದರೆ ನಾನು ನೋಡಿದ ಮಾಲು, ಇಲ್ಲದಿದ್ದರೆ ಅಲ್ಲ. ಲೋಕವನ್ನೂ ನಾನು ಹಾಗೇ ಎರಡು ಪಾಲು ಮಾಡಿಕೊಂಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿ, ಆಗ ಎಲ್ಲರೂ ಇಟ್ಟುಕೊಳ್ಳುತ್ತಿದ್ದ ಆ ಗುಂಡು ಮೂತಿಯ ದೊಡ್ಡ ಕಾರನ್ನು ಹಳೆಯದೊಂದು ಕೊಂಡಿದ್ದೆ. ಒಂದು ಶುಕ್ರವಾರ ಯಲಹಂಕದಲ್ಲಿ ನಂಟರ ಗೃಹಪ್ರವೇಶ ಮುಗಿಸಿಕೊಂಡು ನಾನು, ನನ್ನ ಹೆಂಡತಿ ವಾಪಸು ಬರುತ್ತಿದ್ದೆವು. ಜಕ್ಕೂರಿನ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂತು. ನಿಲ್ಲಿಸಿ, ಮತ್ತೆ ಗೇರು ಹಾಕಿ ಕ್ಲಚ್ ಬಿಟ್ಟೆ. ಹಿಂದುಗಡೆ 'ಟಕ್' ಅಂತ ಒಂದೇ ಒಂದು ಸದ್ದು. ಆಮೇಲೆ ಎಂಜಿನ್ ಓಡುತ್ತಿದೆ, ಗೇರು ಬೀಳುತ್ತಿದೆ, ವೇಗದ ಮುಳ್ಳು ಇಪ್ಪತ್ತಕ್ಕೆ ಏರುತ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ.

"ರೀ, ನಾವು ಹೋಗ್ತಾ ಇದೀವಾ?" ಅಂದಳು ಹೆಂಡತಿ.

"ಕಾಣಲ್ವೇನೇ?"

"ಮುಳ್ಳು ಹೋಗ್ತಾ ಇದೆ ಅಂತಿದೆ, ಆ ಹುಣಸೆ ಮರ ಇಲ್ಲೇ ಇದೆ. ಅದಕ್ಕೇ ಕೇಳ್ದೆ."

ದ್ರಾಕ್ಷಿ ಬುಟ್ಟಿ ಹೇರಿಕೊಂಡು ಊರಿನ ಕಡೆ ಹೊರಟಿದ್ದ ಒಂದು ಟ್ರ್ಯಾಕ್ಟರು ಸಿಕ್ಕಿತು. ಅದರ ಯಜಮಾನ ಒಳ್ಳೆಯ ಮನುಷ್ಯ, ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದಕ್ಕೆ ಒಪ್ಪಿದ. ನಮ್ಮ ದಾರಿಯಲ್ಲೇ, ಬ್ಯಾಟರಾಯನಪುರದಲ್ಲಿ, ಬಳ್ಳಾರಿ ರಸ್ತೆಗೆ ಅಂಟಿಕೊಂಡ ಹಾಗೆ ಒಂದು ಶೀಟಿನ ಶೆಡ್ಡು ಇತ್ತು. ಮೂರು ವರ್ಷದಿಂದ ನನ್ನ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ಕಿನದು. ಅದೇ ಊರಿನ ಒಕ್ಕಲು ಮನೆತನದವನು, ಮೂವತ್ತೈದರ ಪ್ರಾಯ, ಮಾತು ಕಡಿಮೆ. ಶೆಡ್ಡು ಬಂದಾಗ ಹೆಂಡತಿ, "ಇಲ್ಲೇ ಬಿಡೋಣ, ನೋಡ್ತಾನೆ" ಅಂದಳು.

"ಬೇಡ."

"ಯಾಕ್ರೀ?"

"ಎರಡು ವರ್ಷದ ಕೆಳಗೆ ಇದೇ ಹಿಂದಿನ ಚಕ್ರ ಬಿಚ್ಚಿದೋನು ಇವನೇ ತಾನೇ? ಆಗ ಏನು ಮಾಡಿಟ್ಟಿದಾನೋ, ಇವತ್ತು ಹೊರಗೆ ಬಂದಿದೆ."

ಆ ಕ್ಷಣದಲ್ಲಿ ನನ್ನ ಹತ್ತಿರ ಒಂದು ಎಳೆಯಷ್ಟೂ ಸಾಕ್ಷಿ ಇರಲಿಲ್ಲ. ಆದರೂ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಅದು ಹಳೆಯ ವಿಷಯ ಅನ್ನಿಸಿತು. ಟ್ರ್ಯಾಕ್ಟರಿನ ಹಿಂದೆ ನಾವು ತೂಗಾಡುತ್ತ ಹೋಗುವಾಗ ಅವನು ಶೆಡ್ಡಿನಿಂದ ಎದ್ದು ಬಂದು, ಕೈಯನ್ನು ಬಟ್ಟೆಗೆ ಒರೆಸುತ್ತ ರಸ್ತೆಯ ಅಂಚಿನಲ್ಲಿ ನಿಂತ. ನಾನು ನೇರ ಮುಂದಕ್ಕೆ ನೋಡಿದೆ.

ಮಾರನೆಯ ಬೆಳಿಗ್ಗೆ ಅವನೇ ಸೈಕಲ್ ತುಳಿದುಕೊಂಡು ಮನೆಗೆ ಬಂದ. ಕರೆಯದೆ ಬಂದವನನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಗೇಟಿನ ಹೊರಗೇ ನಿಂತು ಕೇಳಿದ:

"ನಿನ್ನೆ ಎಳ್ಕೊಂಡ್ ಓದ್ರಲ್ಲಾ ಸಾರ್. ಏನಾಯ್ತು?"

"ಗೇರು ಬೀಳುತ್ತೆ, ಗಾಡಿ ಹೋಗಲ್ಲ."

ಅವನು ಗಾಡಿಯ ಹತ್ತಿರ ಹೋಗಲಿಲ್ಲ, ಬಗ್ಗಿ ನೋಡಲಿಲ್ಲ. ನಿಂತಲ್ಲಿಂದಲೇ ಹೇಳಿದ: "ಎಡಗಡೆ ಆಕ್ಸಲ್ ಕಟ್ಟಾಗಿರ್ಬೇಕು ಸಾರ್. ಅದೊಂದ್ ತಂದ್ರೆ ಸಾಕು. ಬೇರೆ ಏನೂ ತರಾಕೋಗ್ಬೇಡಿ."

ಆಕ್ಸಲ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಗುಂಡು ಪೆಟ್ಟಿಗೆಯಿಂದ, ಅದೇ ಡಿಫರೆನ್ಶಿಯಲ್ಲಿನಿಂದ, ಒಂದೊಂದು ಚಕ್ರಕ್ಕೆ ಹೋಗುವ ಉಕ್ಕಿನ ಕಂಬಿ. ಎಡಕ್ಕೊಂದು, ಬಲಕ್ಕೊಂದು. ಯಾವುದು ಮುರಿದರೂ ಗಾಡಿ ಹೋಗುವುದಿಲ್ಲ, ಹೊರಗಿನಿಂದ ನೋಡಿದರೆ ಯಾವುದು ಮುರಿದಿದೆ ಎಂದು ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಇವನು ಗೇಟಿನ ಆಚೆ ನಿಂತು ಎಡಗಡೆ ಅನ್ನುತ್ತಿದ್ದಾನೆ. ನನ್ನ ಕಿವಿ ನೆಟ್ಟಗಾಯಿತು. ಎರಡು ವರ್ಷದ ಹಿಂದೆ ಅವನು ಬಿಚ್ಚಿದ್ದೂ ಎಡಗಡೆಯದನ್ನೇ.

"ನಾನೇ ನೋಡಿ ಹೇಳಿ ಕಳಿಸ್ತೀನಿ" ಅಂದೆ.

"ಆಗ್ಲಿ ಸಾರ್. ಬರೋ ತಿಂಗ್ಳಿಂದ ಇಸ್ಕೂಲ್ ಯಾನ್ ಎರಡೂ ನಂತಾವ್ಲೇ ಬತ್ತವೆ, ಆಗ ಪುರ್ಸೊತ್ತಿರಲ್ಲ. ಅಷ್ಟ್ರಲ್ಲಿ ಮಾಡ್ಕೊಟ್ಬುಡ್ತೀನಿ." ಅಷ್ಟು ಹೇಳುವಾಗ ಅವನ ಮುಖದಲ್ಲಿ ಸಣ್ಣ ನಗು ಇತ್ತು.

ಆ ವ್ಯಾನುಗಳ ವಿಷಯ ನನಗೂ ಗೊತ್ತಿತ್ತು. ನಮ್ಮ ಎದುರು ಮನೆಯ ಮೇಷ್ಟ್ರು ನಿವೃತ್ತರಾದ ಮೇಲೆ ಬಡಾವಣೆಯ ಶಾಲೆಯ ಕಮಿಟಿಗೆ ಕಾರ್ಯದರ್ಶಿಯಾಗಿದ್ದರು. ಮಕ್ಕಳನ್ನು ಕರೆತರುವ ಎರಡು ವ್ಯಾನುಗಳ ರಿಪೇರಿಯನ್ನು ವರ್ಷವಿಡೀ ಒಬ್ಬನಿಗೇ ಒಪ್ಪಿಸಬೇಕೆಂದು ಅವರು ಹುಡುಕುತ್ತಿದ್ದರು. ರಸ್ತೆ ಬದಿಯಲ್ಲಿ ಬಂದ ಗಿರಾಕಿಯನ್ನು ನಂಬಿಕೊಂಡು ಕೂತವನಿಗೆ ಅದು ದೊಡ್ಡ ಆಸರೆ. ಇವನನ್ನೇ ಗೊತ್ತುಮಾಡಿಯೂ ಆಗಿತ್ತು, ಇನ್ನು ಒಪ್ಪಿಗೆಯ ಕಾಗದ ಕೊಡುವುದೊಂದು ಬಾಕಿ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಯಶವಂತಪುರದಲ್ಲಿ ಇನ್ನೊಬ್ಬ ಗ್ಯಾರೇಜಿನವನನ್ನು ವಿಚಾರಿಸಿದೆ. ಅವನು ಟೀ ಹೀರುತ್ತ, ಗಾಡಿ ನೋಡದೆಯೇ, "ಸಾರ್, ಒಳಗಿನ ಹಲ್ಲಿನ ಚಕ್ರ ಎಲ್ಲ ಹೋಗಿರುತ್ತೆ. ಡಿಫರೆನ್ಶಿಯಲ್ ಪೂರಾ ಸೆಟ್ ತಂದ್ಬಿಡಿ, ಗುಜರೀಲಿ ನಮ್ಮೋರೇ ಇದಾರೆ, ನಾನೇ ಬರ್ತೀನಿ ಜೊತೆಗೆ" ಅಂದ. ಜೊತೆಗೆ ಬರುತ್ತೇನೆ ಅಂದವನ ಬಗ್ಗೆ ಹೇಳುವುದೇನಿದೆ? ಅಂಗಡಿಯವನು ಮೆಕ್ಯಾನಿಕ್ಕಿಗೆ ಏನೋ ಕೊಡುತ್ತಾನೆ ಎನ್ನುವುದು ಊರಿಗೆಲ್ಲ ಗೊತ್ತು. ಒಬ್ಬ ಕಡಿಮೆ ಹೇಳುತ್ತಾನೆ, ಇನ್ನೊಬ್ಬ ಜಾಸ್ತಿ ಹೇಳುತ್ತಾನೆ, ಇಬ್ಬರೂ ನೋಡಿಲ್ಲ. ನಾನೇ ಪರೀಕ್ಷೆ ಮಾಡದೆ ಒಂದು ನಟ್ಟನ್ನೂ ಕೊಳ್ಳುವುದಿಲ್ಲ ಎಂದು ಶಪಥ ಮಾಡಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಕೂಡಲೇ ಶುರುಮಾಡಿದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಮನೆ ಕಟ್ಟಿಸಿದಾಗ ಉಳಿದ ಸೈಜುಗಲ್ಲುಗಳ ಮೇಲೆ ಕೂರಿಸಿದೆ. ಎರಡೂ ಹಿಂದಿನ ಚಕ್ರ ಗಾಳಿಯಲ್ಲಿ. ಗೇರು ಹಾಕಿಟ್ಟೆ. ಲುಂಗಿ ಮೇಲೆ ಕಟ್ಟಿ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ.

"ಬಲಗಡೆ ಚಕ್ರ ತಿರುಗಿಸು" ಎಂದು ಹೆಂಡತಿಗೆ ಕೂಗಿದೆ.

"ಅಕ್ಕಿ ಆರಿಸ್ತಾ ಇದೀನ್ರೀ!"

"ಅಕ್ಕಿ ಓಡಿಹೋಗಲ್ಲ ಬಾರೇ!"

ಅವಳು ಗೊಣಗುತ್ತ ಬಂದು, ಸೆರಗು ಸಿಕ್ಕಿಸಿ, ಬಲಗಡೆಯ ಚಕ್ರ ತಿರುಗಿಸಿದಳು. ಪೆಟ್ಟಿಗೆಯ ಒಳಗೆ ಗರ ಗರ ಎಂದು ಹಲ್ಲುಗಳು ಓಡಾಡಿದ್ದು ಕೇಳಿಸಿತು. ಎರಡೂ ಆಕ್ಸಲ್ ನೆಟ್ಟಗಿದ್ದರೆ ಬಲಗಡೆಯದು ಮುಂದಕ್ಕೆ ತಿರುಗುವಾಗ ಎಡಗಡೆಯದು ತಾನಾಗಿ ಹಿಂದಕ್ಕೆ ತಿರುಗಬೇಕು. ಎಡಗಡೆಯದು ಮಿಸುಕಲಿಲ್ಲ. ಈಗ ಎಡಗಡೆಯದನ್ನು ತಿರುಗಿಸು ಅಂದೆ. ಅದು ಯಾರ ಹಂಗೂ ಇಲ್ಲದ ಹಾಗೆ ಗಿರ್ರನೆ ತಿರುಗಿತು. ಬಲಗಡೆ ಅಲುಗಲಿಲ್ಲ, ಪೆಟ್ಟಿಗೆಯಲ್ಲಿ ಸದ್ದಿಲ್ಲ. ಅಲ್ಲಿಗೆ ಎಡಗಡೆಯ ಆಕ್ಸಲ್ ತುಂಡಾಗಿರುವುದು ಖಾತ್ರಿ.

ಇನ್ನು ಯಶವಂತಪುರದವನ ಮಾತು ನಿಜವೇ ನೋಡಬೇಕಲ್ಲ. ಪೆಟ್ಟಿಗೆಯ ಕೆಳಗಿನ ಬಿರಡೆ ಬಿಚ್ಚಿ ಎಣ್ಣೆಯನ್ನು ಬೋಗುಣಿಗೆ ಇಳಿಸಿದೆ. ಸಾಂಬಾರಿನ ಬೋಗುಣಿ ಅದು. ಅದಕ್ಕೆ ಆಮೇಲೆ ಎರಡು ದಿನ ಬೈಸಿಕೊಂಡೆ. ಆ ಕರಿ ಎಣ್ಣೆಯಲ್ಲಿ ಒಂದು ಅಯಸ್ಕಾಂತ ಆಡಿಸಿದೆ. ಹಲ್ಲು ಮುರಿದಿದ್ದರೆ ಚೂರು ಅಂಟಿಕೊಳ್ಳಬೇಕು. ಹಳೆಯ ಗಾಡಿಯಲ್ಲಿ ಸಹಜವಾಗಿ ಇರುವ ನುಣ್ಣನೆಯ ಬೂದಿಯಂಥ ಪುಡಿ ಬಿಟ್ಟರೆ ಏನೂ ಬರಲಿಲ್ಲ. ಒಳಗಿನ ಚಕ್ರಗಳು ಗಟ್ಟಿಮುಟ್ಟಾಗಿದ್ದವು. ಬೇಕಾದದ್ದು ಎಡಗಡೆಯ ಆಕ್ಸಲ್ ಒಂದೇ, ಬೇರೆ ಏನೂ ಅಲ್ಲ.

ಬೇರೆ ಯಾರಾದರೂ ಆಗಿದ್ದರೆ ಏನನ್ನುತ್ತಿದ್ದರು? 'ಪರವಾಗಿಲ್ಲ, ಆ ಬ್ಯಾಟರಾಯನಪುರದವನು ಸರಿಯಾಗೇ ಹೇಳಿದ' ಅನ್ನುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ. ನಾನು ಇಷ್ಟು ಹೊತ್ತು ನೆಲದಲ್ಲಿ ಹೊರಳಾಡಿ ಕಂಡುಹಿಡಿದದ್ದನ್ನು ಅವನು ಗೇಟಿನ ಹೊರಗಿಂದಲೇ ಹೇಗೆ ಹೇಳಿದ? ಎಡಗಡೆಯದನ್ನು ಕದ್ದು ಗುಜರಿ ಮಾಲು ತುರುಕಿದವನಿಗೆ ಮಾತ್ರ ಎಡಗಡೆಯದು ಮುರಿಯುತ್ತದೆ ಎಂದು ಗೊತ್ತಿರಲು ಸಾಧ್ಯ!

ಅಷ್ಟು ಹೊತ್ತಿಗೆ ಎದುರು ಮನೆಯ ಮೇಷ್ಟ್ರು ಪೇಪರು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿ ಬಂದರು.

"ಏನ್ ಸ್ವಾಮಿ, ಕಾರ್ಖಾನೆ ಮನೆಗೇ ಬಂದ್ಬಿಟ್ಟಿದೆ?"

ವಿಷಯ ಹೇಳಿದೆ. ಅವರ ಮುಖ ಸ್ವಲ್ಪ ಗಂಭೀರವಾಯಿತು. "ನಿಮ್ಮ ಮೆಕ್ಯಾನಿಕ್ಕು ಅಂದ್ರೆ ಆ ಬ್ಯಾಟರಾಯನಪುರದೋನು ತಾನೇ? ನಾಳೆ ಅವನಿಗೇ ಕಾಗದ ಕೊಡೋದು ಅಂತಿದೀವಿ. ಮಕ್ಕಳು ಕೂರೋ ಗಾಡಿ ಕಣ್ರೀ. ಮನುಷ್ಯ ಹೇಗೆ, ನಿಜ ಹೇಳಿ."

"ಅರ್ಧ ಗಂಟೆ ಇರಿ ಮೇಷ್ಟ್ರೇ. ಬಾಯಲ್ಲಿ ಹೇಳಲ್ಲ, ಕೈಯಲ್ಲಿ ತೋರಿಸ್ತೀನಿ."

ತೋರಿಸುತ್ತೇನೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಗುಟ್ಟಿತ್ತು, ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷದ ಕೆಳಗೆ ಎಡಗಡೆಯ ಚಕ್ರದ ಹತ್ತಿರ ಎಣ್ಣೆ ಸೋರಿ ಬ್ರೇಕಿಗೆ ಬರುತ್ತಿತ್ತು. ಅವನ ಶೆಡ್ಡಿನಲ್ಲಿ ಬಿಚ್ಚಿಸಿ, ರಜೆ ಹಾಕಿ ಅಲ್ಲೇ ಕೂತಿದ್ದೆ. ಎಳೆದು ತೆಗೆದ ಆಕ್ಸಲನ್ನು ಗೋಣಿಯ ಮೇಲಿಟ್ಟು ಅವನು ಎಣ್ಣೆ ತಡೆಯುವ ಹೊಸ ಸೀಲು ತರಲು ಹೋದ. ಒಳ್ಳೆಯ ಒರಿಜಿನಲ್ ಆಕ್ಸಲ್. ಇಂಥದ್ದನ್ನು ಎತ್ತಿಟ್ಟುಕೊಂಡು ಗುಜರಿಯದ್ದು ಹಾಕುತ್ತಾರೆ ಎಂದು ಕಾರ್ಖಾನೆಯಲ್ಲಿ ಕೇಳಿದ್ದೆ. ಜೇಬಿನಲ್ಲಿ ಮೂರು ಮೂಲೆಯ ಅರ ತಂದಿದ್ದೆ, ಹೌದು, ಮನೆಯಿಂದಲೇ ತಂದಿದ್ದೆ. ಆಕ್ಸಲಿನ ಒಳತುದಿಯಲ್ಲಿ ಪೆಟ್ಟಿಗೆಗೆ ಕಚ್ಚಿಕೊಳ್ಳುವ ಹಲ್ಲುಗಳಿರುತ್ತವೆ. ಅದರ ಸಮೀಪ, ಅವನ ಕಣ್ಣಿಗೆ ಬೀಳದ ಹಾಗೆ ಮೂರು ಗೀರು ಕೊರೆದೆ. ಗಟ್ಟಿ ಉಕ್ಕು, ಅರ ಜಾರುತ್ತಿತ್ತು. ಹಟ ಹಿಡಿದು ಉಜ್ಜಿದೆ. ಮೇಲೆ ಒಂದಿಷ್ಟು ಗ್ರೀಸು ಸವರಿ, ಏನೂ ಅರಿಯದವನ ಹಾಗೆ ಸ್ಟೂಲಿನ ಮೇಲೆ ಕೂತೆ.

ಈಗ ಆ ಮೂರು ಗೀರು ಇದ್ದರೆ ಇದು ನನ್ನ ಆಕ್ಸಲ್. ಇಲ್ಲದಿದ್ದರೆ ಅವನು ಕಳ್ಳ. ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೇನು ಬೇಕು?

ಎಡಗಡೆಯ ಚಕ್ರ ತೆಗೆದು, ಡ್ರಮ್ ತೆಗೆದು, ಸ್ಕ್ರೂ ಬಿಚ್ಚಿ ಆಕ್ಸಲನ್ನು ಎಳೆದೆ. ಉದ್ದನೆಯ ತುಂಡು ಹೊರಗೆ ಬಂತು, ಒಳತುದಿಯ ಚಿಕ್ಕ ತುಂಡು ಪೆಟ್ಟಿಗೆಯಲ್ಲೇ ಉಳಿಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ. ಗೀರಿಲ್ಲ. ಮೈಯಿಡೀ ನುಣುಪು. ನಿಜ ಹೇಳಬೇಕೆಂದರೆ ನನಗೆ ಆಗ ಸಂತೋಷವಾಯಿತು. ಇಷ್ಟು ವರ್ಷ ಹಾಲಿನವನಲ್ಲಿ, ದರ್ಜಿಯಲ್ಲಿ ಸಿಗದೇ ಹೋದದ್ದು ಕೊನೆಗೆ ಸಿಕ್ಕಿತು!

"ನೋಡಿ ಮೇಷ್ಟ್ರೇ! ನಾನು ಗುರುತು ಹಾಕಿದ್ದೆ. ಇದರಲ್ಲಿ ಗುರುತಿಲ್ಲ. ಇದು ನನ್ನ ಆಕ್ಸಲ್ಲೇ ಅಲ್ಲ. ಕಳ್ಳ ನನ್ಮಗ ಬದಲಾಯಿಸಿದಾನೆ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: "ಇನ್ನೊಂದು ತುಂಡು ಒಳಗೇ ಇದೆಯಲ್ರೀ, ಅದರಲ್ಲಿ ಇದ್ರೆ?"

"ನಿನಗೇನು ಗೊತ್ತು ಸುಮ್ಮನಿರೇ. ಅದು ಬೆರಳುದ್ದ. ನಾನು ಹಾಕಿದ್ದು ಹಲ್ಲಿನಿಂದ ಒಂದು ಗೇಣು ಈಚೆಗೆ."

ಒಂದು ಗೇಣು ಎನ್ನುವುದು ಎರಡು ವರ್ಷದ ಹಿಂದಿನ ನೆನಪು. ಒಳಗೆ ಉಳಿದದ್ದು ಎಷ್ಟುದ್ದ ಎಂದು, ಇಡಿಯಾಗಿದ್ದ ಬಲಗಡೆಯದನ್ನು ಬಿಚ್ಚಿ ಇದರ ಪಕ್ಕ ಇಟ್ಟು ಅಳೆದಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಳತೆಪಟ್ಟಿ ಜೇಬಿನಲ್ಲೇ ಇತ್ತು. ಅರ್ಧ ಮಾಲು ನೋಡಿ ತೀರ್ಪು ಬರೆಯುವ ಹುಡುಗರನ್ನು ಕಾರ್ಖಾನೆಯಲ್ಲಿ ನಾನು ಯಾವ ಪರಿ ಬೈಯುತ್ತಿದ್ದೆ! ಮೇಷ್ಟ್ರು ಆ ತುಂಡನ್ನು ಮುಟ್ಟಲೂ ಇಲ್ಲ. "ಸದ್ಯ, ಇವತ್ತೇ ಗೊತ್ತಾಯ್ತು" ಎಂದು ಪೇಪರನ್ನು ಇನ್ನೊಂದು ಮಡಿಕೆ ಮಡಿಸಿ ಒಳಗೆ ಹೋದರು.

ಸೋಮವಾರ ರಜೆ ಹಾಕಿದೆ. ಉದ್ದ ತುಂಡನ್ನು ಗೋಣಿಯಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿ ಊರೊಳಗಿನ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ನೋಡಿ, "ಇದಲ್ಲ ಸಾರ್, ಹಲ್ಲಿರೋ ತುಂಡು ತನ್ನಿ. ಇದರಲ್ಲಿ ಎರಡು ತರ ಬರುತ್ತೆ, ಹಲ್ಲು ಎಣಿಸದೆ ಕೊಟ್ರೆ ನಿಮಗೆ ಕೂರಲ್ಲ" ಅಂದ. ಸುಮ್ಮನೆ ಸುತ್ತಾಡಿಸುತ್ತಿದ್ದಾನೆ ಅಂತ ಅವನ ಮೇಲೂ ಒಂದು ಗಳಿಗೆ ಸಂಶಯಪಟ್ಟೆ. ಆದರೆ ವ್ಯಾಪಾರ ಬೇಡ ಎನ್ನುವವನಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ.

ಮನೆಗೆ ಬಂದು, ಬಲಗಡೆಯ ಆಕ್ಸಲನ್ನೂ ಬಿಚ್ಚಿ ತೆಗೆದು, ಆ ಕಡೆಯಿಂದ ಉದ್ದನೆಯ ಕಬ್ಬಿಣದ ಕಡ್ಡಿ ತೂರಿಸಿ ತಟ್ಟಿದೆ. ನಾಲ್ಕನೆಯ ಏಟಿಗೆ ಎಡಗಡೆಯಿಂದ ಚಿಕ್ಕ ತುಂಡು ಜಾರಿ ಗೋಣಿಯ ಮೇಲೆ ಬಿತ್ತು. ಬೆರಳುದ್ದ ಅಂದಿದ್ದೆನಲ್ಲ, ನನ್ನ ಗೇಣಿಗೆ ಒಂದು ಬೆರಳು ಕಡಿಮೆ ಇತ್ತು. ಹಲ್ಲು ಎಣಿಸೋಣ ಎಂದು ಒರೆಸಿದೆ.

ಎರಡು ಗೀರು ಕಣ್ಣಿಗೆ ಬಿದ್ದವು. ಮೂರನೆಯದು ಎಲ್ಲಿ ಎಂದು ಹುಡುಕಿದೆ. ಮೂರನೆಯ ಗೀರು ಇದ್ದ ಜಾಗದಲ್ಲಿ ಆಕ್ಸಲ್ ಇರಲಿಲ್ಲ, ಅದು ಮುರಿದಿದ್ದದ್ದೇ ಅಲ್ಲಿ. ಆ ಗೀರಿನ ಒಂದು ದಡ ಈ ತುಂಡಿನ ಅಂಚಿನಲ್ಲಿತ್ತು. ಓಡಿಹೋಗಿ ಉದ್ದ ತುಂಡನ್ನು ತಂದು ಜೋಡಿಸಿದೆ. ಇನ್ನೊಂದು ದಡ ಅದರ ಅಂಚಿನಲ್ಲಿತ್ತು.

ಆಮೇಲೆ ಮುರಿದ ಮುಖವನ್ನು, ಅಂದರೆ ತುಂಡಾದ ತುದಿಯ ಮೈಯನ್ನು, ನೋಡಿದೆ. ಭಾನುವಾರವಿಡೀ ಅದು ನನ್ನ ಕೈಯಲ್ಲೇ ಇತ್ತು, ನಾನು ಗೀರು ಹುಡುಕುತ್ತಿದ್ದೆನೇ ಹೊರತು ಮುರಿದ ಮುಖವನ್ನು ನೋಡಿರಲಿಲ್ಲ. ಅದರ ಮುಕ್ಕಾಲು ಭಾಗ ಹಳೆಯದು, ಕಪ್ಪಗೆ, ನುಣ್ಣಗೆ ತಿಕ್ಕಿಕೊಂಡಿತ್ತು. ಕಾಲು ಭಾಗ ಮಾತ್ರ ಹೊಸದು, ಒಡೆದ ಬೆಲ್ಲದ ಹಾಗೆ ಹರಳುಹರಳು. ಇದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿರುಗುವ ಶಾಫ್ಟಿನ ಮೇಲೆ ಚೂಪಾದ ಒಂದು ಗೀರಿದ್ದರೆ ಬಿರುಕು ಅಲ್ಲಿಂದ ಹುಟ್ಟುತ್ತದೆ, ದಿನಕ್ಕೆ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಒಂದು ದಿನ ಉಳಿದದ್ದು ಟಕ್ಕನೆ ಮುರಿಯುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಪಾಠ ಮಾಡುತ್ತಿದ್ದವನೇ ನಾನು. ಅಷ್ಟೇಕೆ, ಕಾರ್ಖಾನೆಯಲ್ಲಿ ತಪಾಸಣೆಯ ಮುದ್ರೆಯನ್ನು ಕೂಡ ಎಲ್ಲೆಂದರಲ್ಲಿ ಕುಟ್ಟುವ ಹಾಗಿರಲಿಲ್ಲ. ಎಲ್ಲಿ ಕುಟ್ಟಿದರೆ ಮಾಲಿಗೆ ಅಪಾಯವಿಲ್ಲವೋ ಆ ಜಾಗವನ್ನು ನಕ್ಷೆಯಲ್ಲೇ ಗುರುತಿಸಿರುತ್ತಿದ್ದರು. ನಾನು ಕಳ್ಳನಿಗೆ ಕಾಣದ ಜಾಗ ಹುಡುಕಿದೆ, ಆಕ್ಸಲಿಗೆ ನೋವಾಗದ ಜಾಗ ಹುಡುಕಲಿಲ್ಲ.

ಹೆಂಡತಿ ಕಾಫಿ ತಂದವಳು ನನ್ನ ಮುಖ ನೋಡಿ, ಆ ತುಂಡು ನೋಡಿ, ಲೋಟ ಪಕ್ಕದಲ್ಲಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು. "ಮೊದಲು ಮೇಷ್ಟ್ರ ಹತ್ರ ಹೋಗಿ" ಅಂದಳು, ಅಷ್ಟೇ.

ಮೇಷ್ಟ್ರು ಆಗತಾನೇ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಎರಡೂ ತುಂಡು ಅವರ ಜಗಲಿಯ ಮೇಲಿಟ್ಟು, "ತಪ್ಪು ನನ್ನದು ಮೇಷ್ಟ್ರೇ, ಆಕ್ಸಲ್ ನನ್ನದೇ, ಮುರಿದಿದ್ದೂ ನನ್ನಿಂದಲೇ. ಅವನು ಏನೂ ಮಾಡಿಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳಿದರು.

"ನಿನ್ನೆ ಕಳ್ಳ ಅಂದ್ರಿ, ಇವತ್ತು ಸಾಚಾ ಅಂತೀರಿ. ಕಮಿಟಿಯೋರಿಗೆ ನಾನು ಯಾವುದನ್ನ ಹೇಳ್ಲಿ ಸ್ವಾಮಿ?"

"ಇವತ್ತಿಂದು ಹೇಳಿ. ಬೇಕಾದ್ರೆ ನಾನೇ ಬಂದು ಹೇಳ್ತೀನಿ."

"ಬೆಳಿಗ್ಗೆನೇ ಬೇರೆಯೋರಿಗೆ ಕಾಗದ ಕೊಟ್ಟಾಯ್ತಲ್ರೀ. ಅವರು ಒಪ್ಪಿ ಸಹೀನೂ ಹಾಕಿದ್ರು. ಇವನಿಗೆ ಬೇಡ ಅಂತ ಜವಾನನ ಕೈಲಿ ಹೇಳಿ ಕಳಿಸಿದೀವಿ. ಇನ್ನು ಮುಂದಿನ ವರ್ಷ ನೋಡೋಣ." ಆಮೇಲೆ ನನ್ನ ಮೇಲೆ ಕನಿಕರಪಟ್ಟವರಂತೆ, "ಹೋಗ್ಲಿ ಬಿಡಿ, ನೀವು ಮಕ್ಕಳ ಹಿತಕ್ಕೇ ಹೇಳಿದ್ದು" ಅಂದರು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಭಾನುವಾರ ನನ್ನ ತಲೆಯಲ್ಲಿ ಯಾವ ಮಕ್ಕಳೂ ಇರಲಿಲ್ಲ.

ಎರಡು ತುಂಡನ್ನೂ ಚೀಲಕ್ಕೆ ಹಾಕಿಕೊಂಡು, ಹೆಬ್ಬಾಳದ ಮೇಲೆ ಹೋಗುವ ಬಸ್ಸು ಹಿಡಿದು ಬ್ಯಾಟರಾಯನಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಶೆಡ್ಡಿನ ಮುಂದೆ ಕೆಂಪು ಮಣ್ಣಿನ ಗುಡ್ಡೆ. ಒಳಗೆ, ನೆಲದಲ್ಲಿ, ಗಾಡಿಯನ್ನು ಮೇಲೆ ನಿಲ್ಲಿಸಿ ಕೆಳಗೆ ನಿಂತು ಕೆಲಸ ಮಾಡುವುದಕ್ಕೆ ಒಂದು ಉದ್ದನೆಯ ಗುಂಡಿ ತೋಡಿದ್ದ. ಎರಡು ಬದಿಗೂ ಹೊಸ ಇಟ್ಟಿಗೆ ಕಟ್ಟಿ ಇನ್ನೂ ಸಿಮೆಂಟು ಹಸಿಯಿತ್ತು. ಎರಡು ವ್ಯಾನು ಬರುತ್ತವೆ ಎಂದು ಮಾಡಿಸಿಕೊಂಡದ್ದು. ಅವನು ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನನ್ನನ್ನು ಕಂಡು ಎದ್ದ, ಸ್ಟೂಲು ಒರೆಸಿ ಮುಂದಿಟ್ಟ. ನಾನು ಕೂರಲಿಲ್ಲ.

"ಇಸ್ಕೂಲಿಂದ ಯೋಳ್ ಕಳ್ಸಿದ್ರು ಸಾರ್, ಬ್ಯಾಡ ಅಂತ" ಅಂದ. ಯಾರು ಹೇಳಿದ್ದರಿಂದ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಆ ದನಿಯಲ್ಲಿ ತಿಳಿಯಲಿಲ್ಲ.

"ನಾನು ಹೇಳಿದ್ದರಿಂದ" ಅಂದೆ. ಎಲ್ಲವನ್ನೂ ಹೇಳಿದೆ. ಅರ, ಗೀರು, ಗ್ರೀಸು, ಭಾನುವಾರ ಮೇಷ್ಟ್ರ ಮುಂದೆ ಆಡಿದ ಮಾತು, ಆ ಬೈಗುಳ ಕೂಡ. ಚೀಲದಿಂದ ತುಂಡುಗಳನ್ನು ತೆಗೆದು ಅವನ ಕೈಗೆ ಕೊಟ್ಟೆ. ಅವನು ಮುರಿದ ಮುಖ ನೋಡಲಿಲ್ಲ, ಉಳಿದಿದ್ದ ಎರಡು ಗೀರಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದ್ನ ಅವತ್ತೇ ನೋಡಿದ್ದೆ ಸಾರ್."

ನನಗೆ ಅರ್ಥವಾಗಲಿಲ್ಲ.

"ವಾಪಸ್ ಆಕೋವಾಗ ಗ್ರೀಸ್ ಒರೆಸ್ದೆ, ಕಾಣಿಸ್ತು. ಬಿಚ್ದಾಗ ಇರ್ನಿಲ್ಲ, ಸೀಲ್ ತರಾಕೋಗಿ ಬರೋದ್ರೊಳಗೆ ಬಂದೈತೆ. ನೀವೇ ಆಕಿರೋದು ಅಂತ ಗೊತ್ತಾಯ್ತು. ಇದು ಇಂಗೇ ಇದ್ರೆ ಒಂದಿನ ಇಲ್ಲೇ ಕಟ್ಟಾಯ್ತದೆ ಅಂತಾನೂ ಗೊತ್ತಿತ್ತು. ಅದ್ಕೇ ಶನಿವಾರ ಎಡಗಡೆ ಅಂದಿದ್ದು."

"ಗೊತ್ತಿದ್ದೂ ಯಾಕಪ್ಪಾ ಸುಮ್ಮನಿದ್ದೆ? ಉಜ್ಜಿ ನುಣುಪು ಮಾಡಿದ್ದಿದ್ರೆ ಸಾಕಾಗಿತ್ತಲ್ಲ! ಒಂದು ಚೂರು ಎಮರಿ ಕಾಗದ, ಐದು ನಿಮಿಷದ ಕೆಲಸ!" ನನ್ನ ಗಂಟಲು ಏರಿತು. ಅಷ್ಟಾದ ಮೇಲೂ ಅವನ ಮೇಲೆಯೇ ಏರಿತು ನೋಡಿ.

"ಎಮರಿ ಕೈಗೆ ತಗೊಂಡಿದ್ದೆ ಸಾರ್" ಅಂದ. "ಆಮೇಲೆ ಅಂದ್ಕೊಂಡೆ, ಉಜ್ಬುಟ್ರೆ ಗುರ್ತು ಓಯ್ತದೆ. ಗುರ್ತು ಓದ್ರೆ ಆಕ್ಸಲ್ ಬದ್ಲಾಯ್ಸವ್ನೆ ಅಂತೀರಿ. ಅದ್ಕೇ ಅಂಗೇ ಬುಟ್ಟೆ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. "ಹೊಸ ಆಕ್ಸಲ್ ತಂದು ಗಾಡಿ ಇಲ್ಲಿಗೇ ಎಳೆಸ್ತೀನಿ. ನೀನೇ ಹಾಕಿಕೊಡು. ನಾನು ಬಂದು ಕೂರಲ್ಲ, ಏನೂ ನೋಡಲ್ಲ" ಅಂದೆ.

ಅವನು ಎರಡು ತುಂಡನ್ನೂ ಬಟ್ಟೆಯಲ್ಲಿ ಒರೆಸಿ, ಜೋಡಿಸಿ, ನನ್ನ ಚೀಲದೊಳಕ್ಕೆ ಇಟ್ಟ. ಕೋಪವೇನೂ ಇರಲಿಲ್ಲ.

"ಬ್ಯಾಡ ಸಾರ್. ಕೆಲ್ಸ ಬ್ಯಾಡ ಅಂತಲ್ಲ, ಕೆಲ್ಸ ಬೇಕು. ಆದ್ರೆ ನಿಮ್ಮ ಗಾಡೀಲಿ ಸರಿಯಾದ್ ಕೆಲ್ಸ ಮಾಡಾಕಾಗಲ್ಲ ನನ್ ಕೈಲಿ."

ಬಸ್ಸು ಬರುತ್ತಿದೆ ಎಂದು ಅವನೇ ರಸ್ತೆಗೆ ಹೋಗಿ ಕೈ ಅಡ್ಡ ಹಾಕಿ ನಿಲ್ಲಿಸಿದ. ನಾನು ಚೀಲ ಹಿಡಿದು ಹತ್ತಿದೆ.